ಮಗು ಬೇಕು ಅಂತ ಊಟ ಬಿಟ್ಟವರು

ಹೆಸರು, ಗುರುತು ಎಲ್ಲಾ ಬದಲಿಸಿದ್ದೇನೆ. ರವಿ ಅನ್ನೋಣ. ವಯಸ್ಸು 34, ಮದುವೆಯಾಗಿ ನಾಲ್ಕು ವರ್ಷ. ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದು, ಅವರದೇನೂ ತೊಂದರೆ ಇಲ್ಲ ಅಂತ ಬಂದ ಮೇಲಷ್ಟೇ ಇವರ ವೀರ್ಯ ಪರೀಕ್ಷೆ ಆಗಿದ್ದು. (ಯಾಕೆ ಹೀಗೆ ಮಾಡ್ತಾರೋ! ಗಂಡಸಿನ ಪರೀಕ್ಷೆಯೇ ಸುಲಭದ್ದು, ಮೊದಲ ದಿನವೇ ಇಬ್ಬರಿಗೂ ಮಾಡಿಸಬೇಕು.) ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ 1.6 ಕೋಟಿ. ಟೆಸ್ಟೋಸ್ಟೆರಾನ್ ಅನ್ನೋ ಗಂಡಸಿನ ಹಾರ್ಮೋನ್ ಕಡಿಮೆ, ತೂಕ 112 ಕೆಜಿ.

ತೂಕ ಇಳಿಸಿ ಅಂದರು ಡಾಕ್ಟರ್. ಇವರು ಹಠಕ್ಕೆ ಬಿದ್ದು ದಿನಕ್ಕೆ ಒಂದೇ ಹೊತ್ತು ಊಟ ಮಾಡಿದರು, ರಾತ್ರಿ ಎಚ್ಚರವಾಗಿ ಸಿಕ್ಕಿದ್ದೆಲ್ಲ ತಿಂದರು, ಬೆಳಿಗ್ಗೆ ಎದ್ದು ತಮ್ಮನ್ನೇ ಬೈದುಕೊಂಡರು. "ಬಾಯಿ ಕಟ್ಟೋಕೆ ಆಗದವನು ಅಪ್ಪ ಆಗ್ತೀನಾ ಮೇಡಂ?" ಅಂತ ನನ್ನ ಹತ್ತಿರ ಬಂದು ಕೇಳಿದರು.

ನಾನು ಹೇಳಿದ್ದು ಇಷ್ಟು. ಇದು ಬರೀ ಬಾಯಿಚಪಲ ಅಲ್ಲ. ಕೊಬ್ಬಿನಿಂದ ಲೆಪ್ಟಿನ್ ಅನ್ನೋ ಹಾರ್ಮೋನ್ ಬರುತ್ತದೆ, 1994ರಲ್ಲಿ ಪತ್ತೆಯಾದದ್ದು. ಹೊಟ್ಟೆ ತುಂಬಿದೆ, ಶಕ್ತಿ ಇದೆ ಅಂತ ಮೆದುಳಿನ ಹೈಪೋಥಾಲಮಸ್‌ಗೆ ತಿಳಿಸುವುದು ಅದರ ಕೆಲಸ. ವೃಷಣಕ್ಕೆ ಕೆಲಸ ಮಾಡು ಅಂತ ಹೇಳಿಕಳಿಸುವುದೂ ಅದೇ ಜಾಗದಿಂದಲೇ. ಕೊಬ್ಬು ಜಾಸ್ತಿಯಾದಾಗ ಲೆಪ್ಟಿನ್ ರಕ್ತದಲ್ಲಿ ತುಂಬಿಕೊಂಡಿರುತ್ತದೆ, ಆದರೆ ಮೆದುಳು ಅದಕ್ಕೆ ಕಿವುಡಾಗಿರುತ್ತದೆ; ಹಸಿವೂ ನಿಲ್ಲುವುದಿಲ್ಲ, ಟೆಸ್ಟೋಸ್ಟೆರಾನ್ ಕೂಡ ಏಳುವುದಿಲ್ಲ. ಇರುವ ಸ್ವಲ್ಪ ಟೆಸ್ಟೋಸ್ಟೆರಾನನ್ನೂ ಕೊಬ್ಬು ಈಸ್ಟ್ರೋಜೆನ್ ಅನ್ನೋ ಹೆಣ್ಣಿನ ಹಾರ್ಮೋನ್ ಮಾಡಿಬಿಡುತ್ತದೆ. ಹಾಗಂತ ಉಪವಾಸ ಬಿದ್ದರೆ? ಲೆಪ್ಟಿನ್ ದಿಢೀರ್ ಇಳಿಯುತ್ತದೆ, ಖಾಲಿ ಹೊಟ್ಟೆಯಿಂದ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನ್ ಏರುತ್ತದೆ, ಬರಗಾಲ ಬಂತು ಅಂದುಕೊಂಡು ದೇಹ ಮಕ್ಕಳ ವಿಷಯವನ್ನೇ ಪಕ್ಕಕ್ಕಿಡುತ್ತದೆ. ಅಂದರೆ ಇವರು ಮಗುವಿಗೋಸ್ಕರ ಮಾಡುತ್ತಿದ್ದದ್ದೇ ಮಗುವಿಗೆ ಅಡ್ಡ.

ಎರಡನೇ ಸಲ ಬಂದಾಗ ಜಿಮ್‌ನವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳಿ ಅಂದಿದ್ದಾರೆ ಅಂತ ಮೆಲ್ಲಗೆ ಬಾಯಿಬಿಟ್ಟರು. ಖಂಡಿತ ಬೇಡ ಅಂದೆ. ಹೊರಗಿನಿಂದ ಕೊಟ್ಟರೆ ಮೆದುಳು ತನ್ನ ಸೂಚನೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಇಂಥದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಲೇಬೇಕು.

ಹೆಂಡತಿಯನ್ನೂ ಕರೆಸಿದೆ. ಅವರು ಬಂದಿದ್ದು ಒಳ್ಳೆಯದೇ ಆಯಿತು. ಇವರು ಜೋರಾಗಿ ಗೊರಕೆ ಹೊಡೆಯುತ್ತಾರೆ, ಮಧ್ಯೆ ಉಸಿರೇ ನಿಂತಂತಾಗುತ್ತದೆ ಅಂದರು. ಅಷ್ಟು ದಿನ ಯಾರೂ ಕೇಳಿರಲಿಲ್ಲ! ನಿದ್ದೆ ಕೆಟ್ಟರೆ ಹಸಿವು ಜಾಸ್ತಿ, ಟೆಸ್ಟೋಸ್ಟೆರಾನ್ ಕಡಿಮೆ. ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿ ಅಂದೆ. ಮೂರು ಹೊತ್ತೂ ಊಟ, ಪ್ರಮಾಣ ಮಾತ್ರ ಆಹಾರತಜ್ಞರು ಹೇಳಿದಷ್ಟು. ದಿನಾ ನಡಿಗೆ. ತಕ್ಕಡಿ ವಾರಕ್ಕೊಮ್ಮೆ ಸಾಕು. ವೀರ್ಯಾಣು ತಯಾರಾಗಿ ಹೊರಬರಲು ಸುಮಾರು ಮೂರು ತಿಂಗಳು ಬೇಕು, ಹಾಗಾಗಿ ಅದಕ್ಕೆ ಮೊದಲೇ ರಿಪೋರ್ಟ್ ಮಾಡಿಸಿ ಕಂಗಾಲಾಗಬೇಡಿ ಅಂತಲೂ ಹೇಳಿದೆ. ತೂಕ ಇಳಿದರೆ ಟೆಸ್ಟೋಸ್ಟೆರಾನ್ ಏರುತ್ತದೆ, ನಿಜ. ಮಗು ಗ್ಯಾರಂಟಿ ಅಂತ ನಾನಂತೂ ಹೇಳಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಎಣಿಕೆ ಏರಿತ್ತು, ಮಿತಿ ಮುಟ್ಟಿರಲಿಲ್ಲ. ರಾತ್ರಿ ಎದ್ದು ತಿನ್ನುವುದು ನಿಂತಿದೆ. ಈಗ ಇಬ್ಬರೂ ಒಟ್ಟಿಗೇ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ.