ಡೀಸೆಲ್ ತೆರಿಗೆ ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ನನ್ನದೊಂದು ಲಾರಿ ಇದೆ, ಜಿಎಸ್‌ಟಿ ನೋಂದಣಿಯೂ ಆಗಿದೆ. ಡೀಸೆಲ್‌ಗೆ ಕಟ್ಟುವ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದೇ?
– ಲಾರಿ ಮಾಲೀಕ, ಚಿತ್ರದುರ್ಗ

ಉತ್ತರ: ಆಗುವುದಿಲ್ಲ. ಡೀಸೆಲ್ ಜಿಎಸ್‌ಟಿಯಿಂದ ಹೊರಗಿದೆ. ಟೈರು, ಬಿಡಿಭಾಗಗಳ ಬಿಲ್ಲಿಗೆ ಹೂಡುವಳಿ ತೆರಿಗೆ ಜಮಾ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಸಿಗಬಹುದು, ಬಂಕಿನ ಬಿಲ್ಲಿಗೆ ಸಿಗದು.

ಡೀಸೆಲ್ ಮೇಲೆ ಬೀಳುವುದು ಬೇರೆ ತೆರಿಗೆಗಳು. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿ. ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು. ಅದೂ ಸುಂಕ ಸೇರಿದ ಬೆಲೆಯ ಮೇಲೆ, ಅಂದರೆ ತೆರಿಗೆಗೂ ತೆರಿಗೆ! ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಂದು ಇದು ಶೇ 18.44ರಿಂದ 21.17ಕ್ಕೇರಿತು, ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಿತು. ಈ ದರದಲ್ಲಿ ಮೂಲ ಬೆಲೆ 1 ರೂಪಾಯಿ ಏರಿದರೆ ಬಂಕಿನಲ್ಲಿ 1.21 ಏರುತ್ತದೆ.

ಈ ತೆರಿಗೆ ವಾಪಸ್ ಸಿಗದ ಕಾರಣ, ಬಾಡಿಗೆ ಕರಾರಿನಲ್ಲೇ ಅಂದಿನ ಡೀಸೆಲ್ ದರ ಬರೆಸಿ, ಏರಿದಷ್ಟು ಬಾಡಿಗೆ ಹೆಚ್ಚುವ ಷರತ್ತು ಹಾಕಿಸಿ. ಲೀಟರಿಗೆ 4 ಕಿ.ಮೀ. ಓಡುವ ಲಾರಿಗೆ 600 ಕಿ.ಮೀ.ಗೆ 150 ಲೀಟರ್ ಬೇಕು. 2 ರೂಪಾಯಿ ಏರಿದರೆ ಟ್ರಿಪ್ಪಿಗೆ 300 ರೂಪಾಯಿ ಕೈಯಿಂದ ಹೋಗುತ್ತದೆ. ಬಾಯಿಮಾತಿನ ಬಾಡಿಗೆಯಲ್ಲಿ ಅದನ್ನು ಯಾರೂ ಕೊಡುವುದಿಲ್ಲ.