‘ಅಂತೆ’ ಇದ್ದರೂ ಅದು ಉಪಮೆ ಯಾಕಲ್ಲ?

‘ವಾಕ್ಯದಲ್ಲಿ ಅಂತೆ ಬಂದಿತ್ತು, ಉಪಮಾಲಂಕಾರ ಅಂತ ಬರೆದೆ. ಉತ್ತರ ನೋಡಿದರೆ ಉತ್ಪ್ರೇಕ್ಷೆ. ಹೇಗೆ?’ ಅಂತ ಕೇಳಿದ್ದೀರಿ.

ಮೊದಲು ಆ ‘ಅಂತೆ’ಯ ಬೆನ್ನು ಹತ್ತುವುದನ್ನು ಬಿಡಿ. ‘ನಾಳೆ ಮಳೆ ಬರುತ್ತದಂತೆ’, ‘ಹೇಳಿದಂತೆ ಮಾಡು’. ಎರಡರಲ್ಲೂ ಅಂತೆ ಇದೆ, ಅಲಂಕಾರ ಎಲ್ಲಿದೆ? ಒಂದು ಯಾರೋ ಹೇಳಿದ ಸುದ್ದಿ, ಇನ್ನೊಂದು ಅಪ್ಪಣೆ. ನಾನು ಟ್ಯೂಷನ್ ಮಕ್ಕಳಿಗೆ ಹೇಳುವುದು ಇಷ್ಟೇ: ಬರೆದವರು ಏನು ಮಾಡುತ್ತಿದ್ದಾರೆ ನೋಡಿ. ಹೋಲಿಸುತ್ತಿದ್ದಾರಾ, ಅದೇ ಇದು ಅನ್ನುತ್ತಿದ್ದಾರಾ, ಇಲ್ಲಾ ನಡೆಯದ್ದನ್ನು ಕಲ್ಪಿಸಿಕೊಳ್ಳುತ್ತಿದ್ದಾರಾ?

ಜೋಗವನ್ನೇ ತಗೊಳ್ಳಿ. ‘ಜೋಗದ ನೀರು ಹಾಲಿನಂತೆ ಬೆಳ್ಳಗಿದೆ’. ನಾವು ವರ್ಣಿಸುತ್ತಿರುವ ನೀರು ಉಪಮೇಯ, ಅದನ್ನು ಯಾವುದಕ್ಕೆ ಹೋಲಿಸಿದೆವೋ ಆ ಹಾಲು ಉಪಮಾನ, ಹೋಲಿಕೆ ಹೇಳುವ ‘ಅಂತೆ’ ಉಪಮಾವಾಚಕ, ಎರಡಕ್ಕೂ ಇರುವ ಬಿಳುಪು ಸಮಾನಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ‘ಹಾಲಿನಂತಿದೆ’ ಅಂತ ನಿಲ್ಲಿಸಿದರೆ ಬಿಳುಪು ಬಿಟ್ಟುಹೋಯಿತು, ಲುಪ್ತೋಪಮೆ. ‘ನೀರೆಂಬ ಹಾಲು ಬಂಡೆಯ ಮೇಲೆ ಚೆಲ್ಲಿತು’ ಅಂದರೆ ರೂಪಕ. ನೀರು ಬೇರೆ, ಹಾಲು ಬೇರೆ ಅನ್ನುವ ಗೆರೆ ಅಳಿಸಿಹೋಗಿದೆ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅನ್ನುತ್ತೇವಲ್ಲ, ಆ ಬಿರುದೇ ಒಂದು ರೂಪಕ!

ಈಗ ನಿಮ್ಮನ್ನು ಕಾಡಿದ್ದು. ‘ಆಕಾಶವೇ ಬಂಡೆಗೆ ಹಾಲಿನ ಅಭಿಷೇಕ ಮಾಡುತ್ತಿದೆಯೋ ಎಂಬಂತೆ ಶರಾವತಿ ಧುಮುಕುತ್ತಿತ್ತು’. ಇಲ್ಲೂ ಅಂತೆ ಇದೆ. ಆದರೆ ಹಾಲು ಎಲ್ಲರ ಮನೆಯಲ್ಲೂ ಇರುತ್ತದೆ, ಆಕಾಶ ಅಭಿಷೇಕ ಮಾಡುವುದನ್ನು ಯಾರೂ ನೋಡಿಲ್ಲ. ಅದು ಬರೆದವರ ತಲೆಯಲ್ಲಿ ಹುಟ್ಟಿದ್ದು. ಹಾಗಾಗಿ ಉತ್ಪ್ರೇಕ್ಷೆ. ‘ಅಂತೆ’ಗಿಂತ ಅದರ ಹಿಂದಿನ ‘ಓ’ ಮೇಲೆ ಜಾಸ್ತಿ ಕಣ್ಣಿಡಿ: ಮಾಡುತ್ತಿದೆಯೋ, ಬಂದನೋ, ಕನ್ನಡಿಯೋ. ಅನುಮಾನದ ಆ ದನಿ ಉಪಮೆಯಲ್ಲಿ ಇರುವುದಿಲ್ಲ. ಕೆಲವೊಮ್ಮೆ ‘ಓ’ ಇಲ್ಲದೆಯೂ ಉತ್ಪ್ರೇಕ್ಷೆ ಬರುತ್ತದೆ. ಆಗ, ಹೋಲಿಸಿದ್ದು ನಿಜವಾಗಿ ಕಾಣಸಿಗುವುದಾ, ಬರೀ ಕಲ್ಪನೆಯಾ ಅಂತ ಕೇಳಿಕೊಳ್ಳಿ.

ಅಂದ ಹಾಗೆ, ಜೋಗದ ಕವಲುಗಳ ಹೆಸರು ರಾಜ, ರಾಣಿ, ರೋರರ್, ರಾಕೆಟ್. ನೀರನ್ನು ರಾಕೆಟ್ ಅಂದವರು ಯಾವ ಅಲಂಕಾರದ ಪಾಠವನ್ನೂ ನೆನೆಸಿಕೊಂಡಿರಲಿಕ್ಕಿಲ್ಲ.

ಇನ್ನು ದೃಷ್ಟಾಂತ ಅನ್ನುವ ಅಲಂಕಾರ ಸುಲಭ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’: ಎರಡು ಪೂರ್ತಿ ವಾಕ್ಯ, ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ, ನಡುವೆ ‘ಅಂತೆ’ಯೇ ಇಲ್ಲ.

ಪರೀಕ್ಷೆಯಲ್ಲಿ ಬರೀ ಅಲಂಕಾರದ ಹೆಸರು ಬರೆದು ಸುಮ್ಮನಾಗಬೇಡಿ. ಸಮನ್ವಯದಲ್ಲಿ, ಅಂದರೆ ಲಕ್ಷಣ ಈ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಅಂತ ವಿವರಿಸುವಲ್ಲಿ, ಯಾವುದು ಉಪಮೇಯ, ಯಾವುದು ಉಪಮಾನ ಅಂತ ಮೊದಲು ಬಿಡಿಸಿ ಬರೆಯಿರಿ. ಹಾಗೆ ಬಿಡಿಸುವಾಗಲೇ ಅಲಂಕಾರ ಯಾವುದು ಅಂತ ಗೊತ್ತಾಗಿಬಿಡುತ್ತದೆ, ಹೆಸರನ್ನು ಆಮೇಲೆ ಮೇಲೆ ತುಂಬಿದರಾಯಿತು.