ಮಗುವಾದ ಮೇಲೆ ನಮ್ಮಿಬ್ಬರ ಮಧ್ಯೆ ಏನೂ ಇಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಇದು ಲೈಂಗಿಕ ಹತಾಶೆಯಾ?

ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಬರೆದಿದ್ದೆನಾ ಅಂತ ಒಂದು ಕ್ಷಣ ಅನ್ನಿಸಿತು. ಮಗುವಿಗೆ ಒಂಬತ್ತು ತಿಂಗಳು, ಹೆಂಡತಿ ಹತ್ತಿರ ಬರುವುದಿಲ್ಲ, ಸಣ್ಣದಕ್ಕೆಲ್ಲ ರೇಗುತ್ತೇನೆ, ಇದು ಹತಾಶೆಯಾ ಅಥವಾ ನನ್ನ ಸ್ವಭಾವವೇ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಮೈಸೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಎಂಟು ವರ್ಷದ ಹಿಂದೆ ನನ್ನ ಪಾಡೂ ಇದೇ ಆಗಿತ್ತು.

ಆಗ ನನಗೆ ಇದು ಆ ವಿಷಯ ಅಂತ ಹೊಳೆದೇ ಇರಲಿಲ್ಲ. ಚಟ್ನಿಗೆ ಉಪ್ಪು ಜಾಸ್ತಿ ಅಂತ ರೇಗುತ್ತಿದ್ದೆ. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದ ಪಕ್ಕದ ಮನೆಯವರ ಮೇಲೆ ರೇಗುತ್ತಿದ್ದೆ. ನನ್ನ ಹೆಂಡತಿ ಫೋನಿನಲ್ಲಿ ತಂಗಿಯ ಜೊತೆ ನಕ್ಕರೆ ಒಳಗೆ ಏನೋ ಚುಚ್ಚುತ್ತಿತ್ತು. ಅಲ್ಲಿ ನಗೋಕೆ ಶಕ್ತಿ ಇದೆ, ನನ್ನ ಹತ್ತಿರ ಮಾತ್ರ ಸುಸ್ತು ಅಂತ.

ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದರು. ದಿನಕ್ಕೆ ಒಂದು ಲೀಟರ್, ನೆಂಟರು ಬಂದ ದಿನ ಒಂದೂವರೆ. ಅದರ ಮುಂದೆ ನಿಂತಾಗಲೆಲ್ಲ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಒಂದು ಭಾನುವಾರ ಜಗಳದ ಮಧ್ಯೆ ಅದು ಬಾಯಿಂದ ಬಂದೇ ಬಿಟ್ಟಿತು. "73 ದಿನ ಆಯ್ತು, ಗೊತ್ತಾ?" ಅವಳು ಮಗುವಿನ ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. "ನಾನು ಒಂದೇ ಸಲಕ್ಕೆ ನಾಲ್ಕು ಗಂಟೆ ಮಲಗಿ ಎಷ್ಟು ದಿನ ಆಯ್ತು? ಅದನ್ನೂ ಲೆಕ್ಕ ಇಟ್ಟಿದ್ದೀರಾ?" ಅಂದಳು. ನಾನು ಲೆಕ್ಕ ಬರೆದು ಸಂಬಳ ತಗೊಳ್ಳೋನು. ಆ ಲೆಕ್ಕ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಆದ್ದರಿಂದ ಇದು ಹತಾಶೆ ಅಂತ ಹೇಗೆ ಗೊತ್ತಾಗುತ್ತದೆ ಅಂದರೆ ನನ್ನ ಉತ್ತರ ಇಷ್ಟು: ನೀವು ದಿನ ಎಣಿಸುತ್ತಿದ್ದೀರಾ? ಬಯಕೆ ಎಲ್ಲರಿಗೂ ಇರುತ್ತದೆ, ಅದೊಂದು ತೊಂದರೆಯಲ್ಲ. ಅದನ್ನು ಹೆಂಡತಿ ತೀರಿಸಬೇಕಾದ ಸಾಲ ಅಂತ ಬರೆದಿಟ್ಟುಕೊಂಡಾಗ ಸಿಟ್ಟು ಬಡ್ಡಿಯ ಹಾಗೆ ಬೆಳೆಯುತ್ತದೆ. ಹಾಗಂತ ಸಿಟ್ಟಿಗೆಲ್ಲ ಇದೇ ಕಾರಣ ಅಂದುಕೊಳ್ಳಬೇಡಿ. ನಿದ್ದೆ ಕೆಟ್ಟರೂ, ತಲೆ ಮೇಲೆ ಸಾಲ ಇದ್ದರೂ ಮನುಷ್ಯ ರೇಗುತ್ತಾನೆ. ಊಟ, ಕೆಲಸ, ಸ್ನೇಹಿತರು ಯಾವುದೂ ರುಚಿಸದಿದ್ದರೆ ಅದು ಖಿನ್ನತೆ ಇರಬಹುದು. ಅದು ಬಾಣಂತಿಗೂ ಬರುತ್ತದೆ, ಗಂಡನಿಗೂ ಬರುತ್ತದೆ.

ಆ ಜಗಳ ಆದ ವಾರವೇ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಅಲ್ಲಿ ಗೊತ್ತಾದದ್ದು, ಅವಳಿಗೆ ಕೂಡುವಾಗ ಉರಿ, ನೋವು. ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಹಾಲೂಡಿಸುವಾಗ ಮೈಯಲ್ಲಿ ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರಿರುತ್ತದೆ, ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿದಿರುತ್ತದೆ. ಅದರಿಂದ ಆ ಜಾಗ ಒಣಗುತ್ತದೆ, ಎಷ್ಟೋ ಹೆಂಗಸರಿಗೆ ಆಸೆಯೂ ಕುಗ್ಗುತ್ತದೆ. ಹೆರಿಗೆಯಾಗಿ 6 ವಾರ ಅಂತ ಎಲ್ಲರೂ ಹೇಳುವುದು ಗಾಯ ಮಾಯುವ ಲೆಕ್ಕ, ಮನಸ್ಸಿಗೆ ಅಂಥ ಗಡುವಿಲ್ಲ. ಒಣಗಿದ ಜಾಗಕ್ಕೆ ಹಚ್ಚುವ ನೀರಿನಂಶದ ಜೆಲ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆಯಲ್ಲ ಅಂತ ಅದನ್ನು ಕಾಂಡೋಮ್ ಜೊತೆ ಹಚ್ಚಬೇಡಿ, ಎಣ್ಣೆಗೆ ಕಾಂಡೋಮಿನ ರಬ್ಬರ್, ಅಂದರೆ ಲೇಟೆಕ್ಸ್, ಸಡಿಲವಾಗಿ ಹರಿದುಹೋಗುತ್ತದೆ. ಖಿನ್ನತೆಯ ಕೆಲವು ಮಾತ್ರೆ, ಕೆಲವು ಬಿಪಿ ಮಾತ್ರೆ, ಥೈರಾಯ್ಡ್, ಶುಗರ್ ಇವೂ ಆಸೆಯನ್ನು ತಗ್ಗಿಸಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅದು ನನಗೆ ಇವತ್ತಿಗೂ ನಾಟಿದೆ. "ನಿಮ್ಮ ಹೆಗಲ ಮೇಲೆ ಕೈ ಹಾಕೋಕೂ ಭಯ ಆಗುತ್ತೆ. ಹಾಕಿದರೆ ಮುಂದಿನದು ಶುರು ಅಂದ್ಕೋತೀರ." ನಿಜ, ನಾನು ಹಾಗೇ ಅಂದುಕೊಳ್ಳುತ್ತಿದ್ದೆ. ಅವಳು ಸುಮ್ನೆ ಪಕ್ಕದಲ್ಲಿ ಕೂತರೂ ಸೂಚನೆ ಹುಡುಕುತ್ತಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಕೂಡುವುದು ಮಾತ್ರ ಅಲ್ಲ, ಮುಟ್ಟುವುದೂ ನಿಂತುಹೋಗಿತ್ತು.

ಡಾಕ್ಟರ್ ಹೇಳಿದ ಉಪಾಯ ನನಗೆ ಮೊದಲು ತಮಾಷೆ ಅನ್ನಿಸಿತು. ಮೂರು ವಾರ ಕೂಡಲೇಬಾರದು, ದಿನಕ್ಕೆ ಹದಿನೈದು ನಿಮಿಷ ಬರೀ ಮುಟ್ಟಬೇಕು. ಪಾದ, ಬೆನ್ನು, ತಲೆ. ಅಲ್ಲಿಂದ ಮುಂದೆ ಹೋಗುವ ಹಾಗಿಲ್ಲ. ಇದು ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ 1970ರಲ್ಲಿ ಬರೆದಿಟ್ಟ ಚಿಕಿತ್ಸೆಯಂತೆ, ಈಗಲೂ ಕೊಡುತ್ತಾರೆ. ಮೊದಲ ದಿನ ಅವಳ ಪಾದಕ್ಕೆ ಎಣ್ಣೆ ತಿಕ್ಕಿದೆ. ಐದು ನಿಮಿಷದಲ್ಲಿ ಗೊರಕೆ! ನನಗೆ ಬೇಜಾರಾಯಿತು, ಸುಳ್ಳು ಹೇಳಲ್ಲ. ಎರಡನೇ ವಾರದ ಹೊತ್ತಿಗೆ ಟಿವಿ ನೋಡುತ್ತಾ ಅವಳೇ ಕಾಲು ತಂದು ನನ್ನ ತೊಡೆ ಮೇಲಿಟ್ಟಳು. ಆಸೆ ಮೊದಲು, ಮುಟ್ಟುವುದು ಆಮೇಲೆ ಅಂತ ನಾನು ತಿಳಿದಿದ್ದೆ. ಎಷ್ಟೋ ಜನರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅದು ತಿರುಗುಮುರುಗು ಅಂತೆ.

ಹಾಗಾದರೆ ನಿಮ್ಮ ಮೈ ಅಲ್ಲಿಯವರೆಗೆ ಏನು ಮಾಡಬೇಕು ಅಂತೀರಾ? ಹಸ್ತಮೈಥುನ ಇದೆ. ಅದರಿಂದ ಶಕ್ತಿ ಸೋರಲ್ಲ, ನರ ಬತ್ತಲ್ಲ, ಕಣ್ಣು ಹೋಗಲ್ಲ. ವೀರ್ಯ ಹೋದರೆ ಸತ್ವ ಹೋಯಿತು ಅನ್ನುವ ಭಯ ನಮ್ಮ ಕಡೆ ಎಷ್ಟು ಹಳೆಯದೆಂದರೆ, ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಅಲ್ಲಿ ಕಾಯಿಲೆ ತರುವುದು ಆ ಭಯವೇ. ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತ ರೋಗ' ಪೋಸ್ಟರ್, ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ ಅನ್ನುವ ವೈದ್ಯರು, ಇವರೆಲ್ಲ ಬದುಕುವುದು ಅದರ ಮೇಲೆಯೇ. ದುಡ್ಡು ಸುರಿಯಬೇಡಿ. ಡಿಸೆಂಬರ್ ಬೆಳಗ್ಗೆ ತಣ್ಣೀರು ಸ್ನಾನವನ್ನೂ ನಾನು ಮಾಡಿ ನೋಡಿದ್ದೇನೆ. ನೆಗಡಿ ಬಂತು, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಮೃದು ಮಾತಿಲ್ಲ. ನಿಮ್ಮ ಕಷ್ಟ ಎಷ್ಟೇ ನಿಜವಾದರೂ ಅದು ಅವಳ ಮೈಮೇಲೆ ಹಕ್ಕು ಕೊಡಲ್ಲ. ಒತ್ತಾಯ, ಮುನಿಸು, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು, ಇವಾವುದೂ ಬೇಡ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಗಂಡನ ಲೈಂಗಿಕ ದೌರ್ಜನ್ಯವೂ ಹಿಂಸೆಯೇ.

ಯಾರ ಮುಂದೆಯೂ ಕೂತು ಹೇಳೋಕೆ ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಮರೆಯುವ ಮೊದಲು. ನಿಮ್ಮ ಕೋಣೆ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ? ನಮ್ಮದಕ್ಕೆ ಇರಲಿಲ್ಲ. ಹಾಲ್‌ನಲ್ಲಿ ಅಮ್ಮ ಮಲಗುತ್ತಿದ್ದರು, ರಾತ್ರಿ ಮಗು ಅತ್ತರೆ ನೇರ ಒಳಗೆ ಬರುತ್ತಿದ್ದರು. ಚಿಲಕ ಹಾಕಿಸಿದರೆ ಏನಂದುಕೊಳ್ಳುತ್ತಾರೋ ಅಂತ ನಾನು ತಿಂಗಳುಗಟ್ಟಲೆ ಮುಂದೂಡಿದೆ. ಕೊನೆಗೆ ಒಂದು ಶನಿವಾರ ಬಡಗಿಯನ್ನು ಕರೆದೆ. ಅಮ್ಮ ಏನೂ ಕೇಳಲಿಲ್ಲ. ಅವನಿಗೆ ಕಾಫಿ ಕೊಟ್ಟು, "ಸ್ವಲ್ಪ ಮೇಲೆ ಹಾಕಪ್ಪ, ಮಗು ಕೈಗೆ ಸಿಗಬಾರದು" ಅಂದರು.